ಪರದೆ ಆರಿಸಿ ಕೆಲಸಕ್ಕೆ ಕೂರುವ ಅರ್ಜೂ

ಕುಣಿಗಲ್ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಾಲಿನವರು, ಪೇಪರಿನವರನ್ನು ಬಿಟ್ಟರೆ ಇನ್ನೂ ಯಾರೂ ಎದ್ದಿಲ್ಲ. ಹೆಬ್ಬೂರಿನ ಮೇಲೆ ಬರುವ ಮೊದಲ ಬಸ್ಸಿಗೆ ತುಮಕೂರಿನಿಂದ ಬಂದಿಳಿದ ಅರ್ಜೂ, ಹೆಂಚಿನ ಕಟ್ಟಡವೊಂದರ ಮುಂದಿನ ಕೋಣೆಯಲ್ಲಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತಿದ್ದಾರೆ. ಎದುರಿಗೆ ಪಕ್ಕದ ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರ್ ಡಬ್ಬ. ಬುರ್ಖಾದ ತೋಳು ಮೊಣಕೈವರೆಗೆ ಮಡಚಿದೆ, ತುಟಿಯ ನಡುವೆ ಎರಡು ಸ್ಕ್ರೂ, ಕೆನ್ನೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಟಾರ್ಚು. ಒಳಗೆ ಬಗ್ಗಿ ಒಂದು ಸಣ್ಣ ವೈರು ಸಿಕ್ಕಿಸಿದ ಮೇಲೆ ಅವರು ಎದ್ದು ನಿಂತು, ಕಂಪ್ಯೂಟರ್ ರಿಪೇರಿಯವರು ಯಾರೂ ಮಾಡದ ಒಂದು ಕೆಲಸ ಮಾಡುತ್ತಾರೆ. ಮೇಜಿನ ಮೇಲಿನ ಮಾನಿಟರಿನ ಸ್ವಿಚ್ ಆರಿಸಿ, ಕಪ್ಪಾದ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

"ಮೊದ್ಲು ಕಣ್ಣು ಮುಚ್ಕೊಂಡು ಮಾಡಿ ನೋಡ್ದೆ. ಆಗಲ್ಲ. ಗೊತ್ತಾಗ್ದಂಗೆ ರೆಪ್ಪೆ ಎದ್ಬಿಡುತ್ತೆ, ಕಳ್ಳಾಟ ಆಗೋಗುತ್ತೆ. ಅದಕ್ಕೇ ಮಾನಿಟರ್‌ನೇ ಆಫ್ ಮಾಡ್ಬಿಟ್ಟೆ. ಈಗ ನಂಗೂ ಭಾನುಗೂ ಒಂದೇ ಲೆಕ್ಕ," ಎನ್ನುತ್ತಾರೆ.

ಭಾನು ಅಂದರೆ ಭಾನುಪ್ರಿಯಾ, ಈ ಕೋಣೆಯ ಕೆಲಸವನ್ನೆಲ್ಲ ಹೊತ್ತವರು. ಮಾರ್ಕೋನಹಳ್ಳಿ ಕಡೆಯ ಊರಿನವರು, ಹುಟ್ಟಿದಾಗಿನಿಂದ ಕಣ್ಣು ಕಾಣದು. ದೃಷ್ಟಿಯಿಲ್ಲದ ಮಕ್ಕಳ ಪಾಠದ ಪುಸ್ತಕಗಳನ್ನು ಬ್ರೈಲ್‌ಗೆ, ಅಂದರೆ ಬೆರಳಿನಿಂದ ಮುಟ್ಟಿ ಓದುವ ಚುಕ್ಕಿಗಳ ಬರಹಕ್ಕೆ ಇಳಿಸಿಕೊಡುವ ಸಣ್ಣ ಟ್ರಸ್ಟೊಂದರ ಕೋಣೆ ಇದು. ಈ ಹೊತ್ತಿನಲ್ಲಿ ಭಾನುಪ್ರಿಯಾ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಎರಡೂ ಕೈಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಟ್ರಸ್ಟಿನವರು ಬರುತ್ತಾರೆ. ಈ ಕಂಪ್ಯೂಟರನ್ನು ಭಾನುಪ್ರಿಯಾ ಒಬ್ಬರೇ ಆನ್ ಮಾಡಿಕೊಂಡು ಕೆಲಸ ನಡೆಸಬಲ್ಲರೋ, ಇಲ್ಲ ಕಣ್ಣು ಕಾಣುವ ಆಪರೇಟರ್ ಒಬ್ಬರನ್ನು ಆ ಕುರ್ಚಿಗೆ ತರಬೇಕೋ ಎಂದು ಇವತ್ತು ತೀರ್ಮಾನವಾಗಬೇಕು. ಆಪರೇಟರ್ ಬಂದರೆ ಭಾನುಪ್ರಿಯಾ ಊರಿಗೆ ಮರಳಬೇಕು. ಇಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಟ್ರಸ್ಟಿಗಿಲ್ಲ.

ಕಂಪ್ಯೂಟರ್ ಕೆಟ್ಟರೆ ನಮ್ಮ ಕಡೆ ಮೊದಲು ಬರುವ ಮಾತು ಒಂದೇ: ಫಾರ್ಮ್ಯಾಟ್ ಹೊಡೆದುಬಿಡಿ. ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡಿ ಅಂತ. ಅರ್ಜೂ ಅವರ ಬಾಯಲ್ಲಿ ಮಾತ್ರ ಆ ಮಾತು ಸುಲಭಕ್ಕೆ ಬರುವುದಿಲ್ಲ. ಅವರ ಹತ್ತಿರ ಬರುವ ಕಂಪ್ಯೂಟರುಗಳ ಕಾಯಿಲೆಯೇ ಬೇರೆ. ಒಂದೇ ಡಬ್ಬದೊಳಗೆ ಎರಡು, ಕೆಲವು ಸಲ ಮೂರು ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ವಿಂಡೋಸಿನಂಥ ತಂತ್ರಾಂಶ, ಹಾಕಿಸಿಕೊಂಡಿರುತ್ತಾರೆ. ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ, ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳುತ್ತದೆ. ಆಯ್ದದ್ದು ಏಳುತ್ತದೆ. ಆ ಪಟ್ಟಿ ಕೈಕೊಟ್ಟಿತೋ, ಒಳಗಿನ ಒಂದು ಸಿಸ್ಟಮ್ಮೂ ಏಳುವುದಿಲ್ಲ.

ಇದನ್ನು ಗಿರಾಕಿಗಳಿಗೆ ತಿಳಿಸಿ ಹೇಳುವುದೇ ಅರ್ಧ ಕೆಲಸ. "ಒಂದು ವಠಾರ ಅಂದ್ಕೊಳಿ. ಒಳಗೆ ಮೂರು ಮನೆ, ಬೀದಿಗೆ ಒಂದೇ ಬಾಗ್ಲು. ಬೀದಿ ಬಾಗ್ಲು ಸಿಕ್ಕಾಕೊಂಡ್ರೆ ಮೂರು ಮನೇನೂ ಬಿದ್ದೋಯ್ತು ಅಂತ ಅಳೋದ್ಯಾಕೆ? ಒಳಗೆ ಒಲೆ ಉರೀತಾ ಇರುತ್ತೆ, ಮಕ್ಳು ಆಡ್ತಾ ಇರ್ತವೆ. ನಮ್ಗೆ ಒಳಗೆ ಹೋಗಕ್ಕಾಗ್ತಿಲ್ಲ ಅಷ್ಟೇ," ಎಂದು ಬಿಡಿಸಿ ಹೇಳುತ್ತಾರೆ. ಅಷ್ಟು ಹೇಳಿದ ಮೇಲೆಯೂ ಕೆಲವರು ಅನುಮಾನದಿಂದ ನೋಡಿ, ನಿಮ್ಮ ಜೊತೆ ಗಂಡಸರು ಯಾರೂ ಬರಲಿಲ್ಲವಾ ಎಂದು ಕೇಳುತ್ತಾರೆ. ಅಷ್ಟರಲ್ಲಿ ಅರ್ಜೂ ಡಬ್ಬದ ಮೊದಲ ಸ್ಕ್ರೂ ಬಿಚ್ಚಿರುತ್ತಾರೆ.

ತುಮಕೂರಿನ ಪಿ.ಎಚ್. ಕಾಲೊನಿಯವರು ಅರ್ಜೂ. ತಂದೆ ಅಬ್ದುಲ್ ಖಾದರ್ ಮಂಡಿಪೇಟೆಯಲ್ಲಿ ಗ್ಯಾಸ್ ಸ್ಟವ್, ಕುಕ್ಕರ್ ರಿಪೇರಿ ಮಾಡುತ್ತಿದ್ದರು. ಪಿಯುಸಿ ಮುಗಿಸಿ ಹಾರ್ಡ್‌ವೇರ್ ಕಲಿಯಲು ಸೇರಿದಾಗ, ಮೇಷ್ಟ್ರು ಹುಡುಗರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಇವರನ್ನು ಟೈಪಿಂಗಿಗೆ ಕೂರಿಸಿದರು. ಅರ್ಜೂ ಜಗಳ ಆಡಲಿಲ್ಲ. ಗುಜರಿಗೆ ಹೋಗಬೇಕಾಗಿದ್ದ ಕಂಪ್ಯೂಟರುಗಳನ್ನು ಮನೆಗೆ ಹೊತ್ತು ತಂದು, ಅಪ್ಪನ ಸ್ಟವ್‌ಗಳ ಪಕ್ಕದಲ್ಲೇ ಹರಡಿಕೊಂಡು ಬಿಚ್ಚಿದರು. ಅಪ್ಪ ಹೋದ ಮೇಲೆ ಆ ಅಂಗಡಿಯನ್ನು ಬಿಟ್ಟುಕೊಡಬೇಕಾಯಿತು. ಈಗ ಗುಬ್ಬಿ ಗೇಟ್ ಹತ್ತಿರದ ಜೆರಾಕ್ಸ್ ಅಂಗಡಿಯೊಂದರ ಮೂಲೆಯಲ್ಲಿ ಒಂದು ಮೇಜು ಅವರದು. ಬೋರ್ಡಿಲ್ಲ, ವಿಸಿಟಿಂಗ್ ಕಾರ್ಡಿಲ್ಲ. ಕೇಳಿಕೊಂಡು ಬಂದವರಿಗೆ ಬೀದಿಯವರೇ ಜೆರಾಕ್ಸ್ ಅಂಗಡಿ ಅಕ್ಕನಾ, ಒಳಗಡೆ ಹೋಗಿ ಎಂದು ತೋರಿಸುತ್ತಾರೆ.

"ಕೂತ್ಕೊಂಡು ಎರಡು ತುತ್ತು ತಿನ್ನು ಅಂದ್ರೆ ಬಸ್ಸು ಹೋಗುತ್ತೆ ಅಮ್ಮಿ ಅಂತಾಳೆ. ಅವ್ರಪ್ಪಂದೂ ಇದೇ ಆಗಿತ್ತು. ಸ್ಟವ್ ಹತ್ಕೊಳ್ಳೋವರ್ಗೂ ಅವ್ರಿಗೆ ಅನ್ನ ಇಳೀತಿರ್ಲಿಲ್ಲ," ಎನ್ನುತ್ತಾರೆ ತಾಯಿ ಜೈನಬ್ ಬೀ. ದೂರುತ್ತಿದ್ದಾರೋ ಹೊಗಳುತ್ತಿದ್ದಾರೋ ಎಂದು ಅವರ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಮಾತು ಮುಗಿಸುವ ಮೊದಲೇ ಮಗಳ ಚೀಲಕ್ಕೆ ಒಂದು ಡಬ್ಬಿ ತುರುಕಿರುತ್ತಾರೆ.

ಒಂದು ದಿನ ಗುಬ್ಬಿ, ಒಂದು ದಿನ ಕುಣಿಗಲ್, ನಡುವೆ ಕರೆ ಬಂದ ಕಡೆ. ಗುಬ್ಬಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಹಳೆಯ ಸಿಸ್ಟಮ್ ಬಿಟ್ಟುಕೊಡಲು ಮನಸ್ಸಿಲ್ಲ. ಅವರ ಬಳ್ಳಿ ಬಿಟ್ಟ ಕನ್ನಡ ಅಕ್ಷರಗಳು ಅದರಲ್ಲಿ ಮಾತ್ರ ಸರಿಯಾಗಿ ಕೂರುತ್ತವೆ. ಬಿದರೆಹಳ್ಳಿ ಕಾವಲ್ ರಸ್ತೆಯ ಸೈಬರ್ ಅಂಗಡಿಗೆ ಕೆಲಸದ ಅರ್ಜಿ ತುಂಬಲು ಹೊಸದೇ ಬೇಕು. ಯಡಿಯೂರಿನ ಲಾಡ್ಜಿನವರಿಗೆ ರೂಮಿನ ಲೆಕ್ಕಕ್ಕೆ ಹಳೆಯದು, ಆನ್‌ಲೈನಿಗೆ ಹೊಸದು. ಆಯುಧಪೂಜೆಯ ಮಾರನೆಯ ದಿನ ಎಲ್ಲ ಕಡೆಯಿಂದಲೂ ಒಟ್ಟಿಗೆ ಫೋನು ಬರುತ್ತದೆ. ಕೀಬೋರ್ಡಿನೊಳಗೆ ಕುಂಕುಮದ ನೀರು ಇಳಿದು ಯಾವುದೋ ಕೀ ಒತ್ತಿಕೊಂಡೇ ಕೂತಿರುತ್ತದೆ, ಪಟ್ಟಿ ಮುಂದೆ ಹೋಗದೆ ನಿಂತಿರುತ್ತದೆ. ಅರ್ಜೂ ಆ ಕೀ ಕಿತ್ತು, ಒರೆಸಿ, ಮತ್ತೆ ಕೂರಿಸಿ ಬರುತ್ತಾರೆ.

ಗುಬ್ಬಿಯ ಅಚ್ಚಿನ ಅಂಗಡಿಯ ಗೋವಿಂದರಾಜು ತಮ್ಮ ಪ್ರತಾಪವನ್ನು ತಾವೇ ಹೇಳಿಕೊಂಡು ನಗುತ್ತಾರೆ. ಡಬ್ಬದಲ್ಲಿ ಜಾಗ ಸಾಲದು ಎಂದು, ಯಾರೂ ಮುಟ್ಟದ ಸಿಸ್ಟಮ್ ಒಂದನ್ನು ಅವರು ಅಳಿಸಿ ಹಾಕಿದರು. ಆ ಪಟ್ಟಿ ಇದ್ದದ್ದು ಅದರೊಳಗೇ. "ಮಾರ್ನೇ ದಿನ ಬಂದು ಒತ್ತುದ್ರೆ ಕರೀ ಪರ್ದೆ, ಒಂದು ಸಾಲು ಇಂಗ್ಲಿಷು. ಅಷ್ಟೇ. ಇಡೀ ತಾಲ್ಲೂಕಿನ ಮದ್ವೆ ಅದ್ರೊಳ್ಗೆ ಕೂತಿತ್ತು ಸಾರ್! ಅರ್ಜೂ ಮೇಡಂ ಬಂದು ಒಂದು ಪೆನ್‌ಡ್ರೈವ್ ಚುಚ್ಚುದ್ರು, ಒಂದ್ ಲೋಟ ಟೀ ಕುಡ್ಯೋದ್ರೊಳ್ಗೆ ಪಟ್ಟಿ ವಾಪಸ್ ಬಂತು. ಒಂದೇ ಒಂದು ಹೆಣ್ಣಿನ ಹೆಸ್ರೂ ಅಳಿಸ್‌ಹೋಗಿರ್ಲಿಲ್ಲ."

ಎಲ್ಲ ಕಡೆ ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಹಾರ್ಡ್ ಡಿಸ್ಕೇ ಸತ್ತುಹೋಗಿದ್ದರೆ ಏನೂ ಮಾಡುವುದಕ್ಕಾಗುವುದಿಲ್ಲ. ಆ ಮಾತನ್ನು ಹೇಳುವಾಗ ಗಿರಾಕಿಯ ಮುಖ ನೋಡುವುದು ಅರ್ಜೂ ಅವರಿಗೆ ಇವತ್ತಿಗೂ ಕಷ್ಟ. ಕುಣಿಗಲ್ಲಿನ ಈ ಕೋಣೆಯಿಂದ ಕರೆ ಬಂದಾಗಲೂ ದಾರಿಯುದ್ದಕ್ಕೂ ಅದೇ ಅಳುಕಿತ್ತು.

ಇಲ್ಲಿನ ಕಂಪ್ಯೂಟರಿನಲ್ಲಿ ಮೂರು ಸಿಸ್ಟಮ್ ಇರುವುದು ಶೋಕಿಗಲ್ಲ. ಪುಸ್ತಕದ ಪುಟಗಳನ್ನು ಒಳಗೆ ತೆಗೆದುಕೊಳ್ಳುವ ಸ್ಕ್ಯಾನರು ಹೊಸ ವಿಂಡೋಸಿನ ಮಾತು ಮಾತ್ರ ಕೇಳುತ್ತದೆ. ಆ ಪುಟಗಳನ್ನು ಕನ್ನಡದಲ್ಲಿ ಓದಿ ಹೇಳುವ ದನಿ ಇರುವುದು ಲಿನಕ್ಸ್ ಎಂಬ ಇನ್ನೊಂದು ಸಿಸ್ಟಮ್ಮಿನಲ್ಲಿ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಬ್ರೈಲ್ ಪ್ರಿಂಟರು ಎಷ್ಟು ಹಳೆಯದೆಂದರೆ, ಹಳೆಯ ವಿಂಡೋಸ್ ಬಿಟ್ಟು ಬೇರೆ ಯಾವುದಕ್ಕೂ ಅದು ಜಗ್ಗುವುದಿಲ್ಲ. ಹಾಗಾಗಿ ಒಂದು ಪಾಠ ತಯಾರಾಗಬೇಕಾದರೆ ಭಾನುಪ್ರಿಯಾ ಕಂಪ್ಯೂಟರನ್ನು ಆರಿಸಿ, ಹಚ್ಚಿ, ಒಂದು ಸಿಸ್ಟಮ್ಮಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರಬೇಕು. ಒಳಗೆ ಹೋದ ಮೇಲೆ ಮೂರರಲ್ಲೂ ಪರದೆ ಓದುವ ದನಿಯಿದೆ, ತೊಂದರೆಯಿಲ್ಲ. ಆದರೆ ಮೊದಲು ಬರುವ ಆ ಪಟ್ಟಿಗೆ ಮಾತ್ರ ಬಾಯಿಲ್ಲ. ಅದು ಬರುವಾಗ ಕಂಪ್ಯೂಟರ್ ಇನ್ನೂ ಪೂರ್ತಿ ಎದ್ದೇ ಇರುವುದಿಲ್ಲ.

ಮೊದಮೊದಲು ಭಾನುಪ್ರಿಯಾ ಅಂದಾಜಿನ ಮೇಲೆ ನಡೆಸುತ್ತಿದ್ದರು. ಗುಂಡಿ ಒತ್ತಿ, ಮನಸ್ಸಿನಲ್ಲೇ ಒಂದು ದೇವರನಾಮದ ಪಲ್ಲವಿ ಹೇಳಿಕೊಂಡು ಮುಗಿಸುವ ಹೊತ್ತಿಗೆ ಪಟ್ಟಿ ಬಂದಿರುತ್ತಿತ್ತು. ಕೆಳಮುಖದ ಬಾಣದ ಕೀ ಒಂದು ಸಲ ಒತ್ತಿದರೆ ಒಂದು ಸಿಸ್ಟಮ್, ಎರಡು ಸಲ ಒತ್ತಿದರೆ ಇನ್ನೊಂದು. ಎಣಿಕೆ ತಪ್ಪಿದರೆ ಬೇರೆ ಕಡೆ ಹೋಗಿ ಬೀಳುವುದು, ಮತ್ತೆ ಮೊದಲಿನಿಂದ ಶುರು. ಒಮ್ಮೆ ಅಪ್‌ಡೇಟ್ ಆಗಿ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾದಾಗ ಎಣಿಕೆಯೆಲ್ಲ ಅಡಿಮೇಲಾಯಿತು. ಅರ್ಜೂ ಈ ಕೋಣೆಗೆ ಕಾಲಿಟ್ಟದ್ದು ಆಗಲೇ. ಪಟ್ಟಿ ಬಂದ ಕೂಡಲೇ ಕಂಪ್ಯೂಟರ್ ಪೀಪೀ ಎಂದು ಮೂರು ಸ್ವರ ನುಡಿಯುವ ಹಾಗೆ ಅವರು ಮಾಡಿಕೊಟ್ಟರು. ಕಂಪ್ಯೂಟರಿನ ಮದರ್‌ಬೋರ್ಡಿಗೆ ಸಿಕ್ಕಿಸುವ, ಶರ್ಟಿನ ಗುಂಡಿಯಷ್ಟಗಲದ ಒಂದು ಸ್ಪೀಕರಿನ ಕೆಲಸ ಅದು. ಭಾನುಪ್ರಿಯಾ ಆ ದಿನ ಹತ್ತಾರು ಸಲ ಆರಿಸಿ ಹಚ್ಚಿ, ಆರಿಸಿ ಹಚ್ಚಿ ಮಾಡಿದರಂತೆ, ಆ ಸದ್ದು ಕೇಳುವುದಕ್ಕೆ.

ಎಡವಟ್ಟಾದದ್ದು ಆ ಸದ್ದಿನಿಂದಲೇ. ಹೋದ ವಾರ ಧೂಳು ತೆಗೆಸಲು ಟ್ರಸ್ಟಿನವರು ಡಬ್ಬವನ್ನು ತುಮಕೂರಿನ ಸರ್ವಿಸ್ ಅಂಗಡಿಯೊಂದಕ್ಕೆ ಕಳಿಸಿದ್ದರು. ಆ ದಿನ ಅರ್ಜೂ ಗುಬ್ಬಿಯಲ್ಲಿದ್ದರು. ಅಂಗಡಿಯ ಮಲ್ಲಿಕಾರ್ಜುನ್ ಧೂಳು ಹೊಡೆದು ಹಚ್ಚಿ ನೋಡಿದಾಗ ಡಬ್ಬ ಪೀಪೀ ಎಂದಿತು. ರಿಪೇರಿಯವರ ಲೆಕ್ಕದಲ್ಲಿ ಕಂಪ್ಯೂಟರ್ ಪೀಪೀ ಅಂದರೆ ಒಳಗೆ ಏನೋ ಕೆಟ್ಟಿದೆ ಎಂದರ್ಥ. ಆತ ರ‍್ಯಾಮ್ ತೆಗೆದು ಒರೆಸಿ ಹಾಕಿದರು, ಬದಲಿಸಿ ನೋಡಿದರು, ಸದ್ದು ನಿಲ್ಲಲಿಲ್ಲ. ಉಳಿದದ್ದೆಲ್ಲ ಸರಿಯಾಗಿಯೇ ನಡೆಯುತ್ತಿದೆ, ಸ್ಪೀಕರಿಗೇ ಏನೋ ಹುಚ್ಚು ಹಿಡಿದಿದೆ ಎಂದುಕೊಂಡು ಕೊನೆಗೆ ಆ ಸ್ಪೀಕರನ್ನೇ ಕಿತ್ತುಹಾಕಿ, ತೊಂದರೆ ಹೋಯಿತೆಂದು ಸಮಾಧಾನದಿಂದ ಡಬ್ಬ ವಾಪಸ್ ಕಳಿಸಿದರು.

ಮಲ್ಲಿಕಾರ್ಜುನ್ ಅವರನ್ನು ಬಯ್ಯಲು ಅರ್ಜೂ ಒಪ್ಪುವುದಿಲ್ಲ. "ಫೋನ್ ಮಾಡಿ ಕೇಳ್ದೆ. 'ಮೇಡಂ, ಬೀಪ್ ಬಂದ್ರೆ ನಾವು ಇನ್ನೇನ್ ತಿಳ್ಕೊಳೋದು' ಅಂದ್ರು. ನಿಜಾನೇ ಅಲ್ವಾ? ಅವ್ರ ಜಾಗ್ದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಡಬ್ಬದ ಮೇಲೆ ಒಂದು ಚೀಟಿ ಅಂಟಿಸ್ಬೇಕಾಗಿತ್ತು, ನಾನು ಅಂಟಿಸ್ಲಿಲ್ಲ."

ಡಬ್ಬ ಬಂದ ದಿನ ಭಾನುಪ್ರಿಯಾ ಗುಂಡಿ ಒತ್ತಿ ಕಿವಿಗೊಟ್ಟು ಕೂತರು. ಸದ್ದಿಲ್ಲ. ಆ ಹೊತ್ತನ್ನು ನೆನೆಸಿಕೊಂಡು ಹೇಳುವಾಗ ಅವರ ದನಿ ಈಗಲೂ ಸಣ್ಣಗಾಗುತ್ತದೆ. "ಫ್ಯಾನು ತಿರುಗ್ತಾ ಐತೆ, ಆದ್ರೆ ಆ ಸದ್ದು ಬರ್ತಾನೇ ಇಲ್ಲ. ಎದ್ದಿಲ್ಲ ಅಂತ ಆಫ್ ಮಾಡ್ದೆ. ಮತ್ತೆ ಒತ್ತುದೆ. ಮತ್ತೆ ಆಫ್ ಮಾಡ್ದೆ. ಎಷ್ಟು ಸಲ ಮಾಡುದ್ನೋ! ಸತ್ತೋಗಿರೋ ಮಿಷನ್ನಿಗೂ ಕಾಯ್ತಾ ಕೂತಿರೋ ಮಿಷನ್ನಿಗೂ ನಂಗೇನು ವ್ಯತ್ಯಾಸ ಗೊತ್ತಾಯ್ತದೆ, ಹೇಳಿ. ಎರಡೂ ಸುಮ್ನೇ ಇರ್ತವೆ."

ಕಂಪ್ಯೂಟರ್ ಸತ್ತಿರಲಿಲ್ಲ. ಪ್ರತಿ ಸಲವೂ ಪಟ್ಟಿ ತೋರಿಸಿ ಕಾದು, ಯಾರೂ ಏನೂ ಒತ್ತದಿದ್ದಾಗ ತಾನೇ ಮೊದಲ ಸಾಲಿನ ಸಿಸ್ಟಮ್ ಎಬ್ಬಿಸಲು ಹೊರಡುತ್ತಿತ್ತು. ಮೊದಲ ಸಾಲಿನಲ್ಲಿದ್ದದ್ದು ಕನ್ನಡ ಓದುವ ಸಿಸ್ಟಮ್ಮೇ. ಅದು ಅರ್ಧ ಏಳುವಷ್ಟರಲ್ಲಿ ಭಾನುಪ್ರಿಯಾ ಗುಂಡಿ ಒತ್ತಿ ಹಿಡಿದು ಆರಿಸುತ್ತಿದ್ದರು. ಹೀಗೆ ಮತ್ತೆ ಮತ್ತೆ ಅರ್ಧಕ್ಕೆ ಕೆಡವಿದ್ದರಿಂದ ಹಾರ್ಡ್ ಡಿಸ್ಕಿನ ಬರಹ ಅಲ್ಲಲ್ಲಿ ಹರಿದುಹೋಯಿತು. ಆಮೇಲೆ ನಿಜವಾಗಿಯೂ ಆ ಸಿಸ್ಟಮ್ ಏಳದಾಯಿತು.

ಟ್ರಸ್ಟಿನ ಕಾರ್ಯದರ್ಶಿ ಮಹಾದೇವಯ್ಯ ನಿವೃತ್ತ ಹೆಡ್‌ಮೇಷ್ಟ್ರು, ಕೆಟ್ಟವರಲ್ಲ. ಭಾನುಪ್ರಿಯಾರನ್ನು ಕರೆತಂದು ಈ ಕೆಲಸಕ್ಕೆ ಹಚ್ಚಿದವರೇ ಅವರು. ಆದರೆ ವಾರ ಪೂರ್ತಿ ಕೆಲಸ ನಿಂತು, ಶಾಲೆಗಳಿಂದ ಮೇಲಿಂದ ಮೇಲೆ ಫೋನು ಬರತೊಡಗಿದಾಗ, ಉಳಿದ ಟ್ರಸ್ಟಿಗಳ ಮುಂದೆ ಅವರ ಮಾತು ಗಟ್ಟಿಯಾಗಿ ನಿಲ್ಲಲಿಲ್ಲ. "ನೋಡಮ್ಮ, ಕಾಯ್ತಾ ಇರೋವೂ ಕಣ್ಣಿಲ್ದಿರೋ ಮಕ್ಕಳೇ. ಅವ್ರಿಗೆ ನಾನೇನ್ ಹೇಳ್ಲಿ?" ಎಂದು ಅವರು ಭಾನುಪ್ರಿಯಾರನ್ನೇ ಕೇಳಿದರಂತೆ.

ದಿನಾ ಬೆಳಿಗ್ಗೆ ಯಾರಾದರೊಬ್ಬರು ಬಂದು ಕಂಪ್ಯೂಟರ್ ಆನ್ ಮಾಡಿಕೊಟ್ಟು ಹೋದರೆ ಆಗದೇ ಎಂದು ಕೇಳಿದವರೂ ಇದ್ದಾರೆ. ಈ ಮಾತಿಗೆ ಮಾತ್ರ ಭಾನುಪ್ರಿಯಾ ಮುಖ ಬಿಗಿಯುತ್ತದೆ. "ಹುಟ್ಟಿದಾಗಿಂದ ಒಬ್ರನ್ನ ಕೇಳ್ಕೊಂಡೇ ಬಂದಿವ್ನಿ. ಬಸ್ಸು ಯಾವ್ದು ಅಂತ ಕೇಳ್ಬೇಕು, ನೋಟು ಎಷ್ಟರದ್ದು ಅಂತ ಕೇಳ್ಬೇಕು. ಈ ಕೋಣೆಗೆ ಬಂದು ಬಾಗ್ಲು ಹಾಕ್ಕೊಂಡ್ರೆ ಯಾರ್ನೂ ಏನೂ ಕೇಳ್ಬೇಕಾಗಿರ್ಲಿಲ್ಲ. ನಂಗೆ ಇದ್ದಿದ್ದು ಅದೊಂದೇ ಜಾಗ."

ನಿನ್ನೆ ಇಡೀ ದಿನ ಅರ್ಜೂ ಹರಿದ ಬರಹವನ್ನು ಹೊಂದಿಸುತ್ತ ಕೂತಿದ್ದರು. ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ, ಹಾರ್ಡ್ ಡಿಸ್ಕನ್ನು ತಪಾಸಣೆಗೆ ಬಿಟ್ಟು, ಅದು ಕೇಳಿದ್ದಕ್ಕೆಲ್ಲ ಒಂದೊಂದಾಗಿ ಉತ್ತರ ಕೊಡುತ್ತ ಹೋದರು. ಭಾನುಪ್ರಿಯಾ ಅವಸರಕ್ಕೆ ಬಿದ್ದು, "ಏನಾಯ್ತಕ್ಕ? ಈಗ ಏನಂತೈತೆ?" ಎಂದು ಕೇಳುತ್ತಲೇ ಇದ್ದರು. ಅರ್ಜೂ ಪರದೆಯ ಮೇಲೆ ಬಂದದ್ದನ್ನೆಲ್ಲ ಬಿಡದೆ ಓದಿ ಹೇಳಿದರು, ಏನು ಟೈಪ್ ಮಾಡುತ್ತಿದ್ದೇನೆಂದೂ ಹೇಳಿದರು. ಹೊತ್ತು ಇಳಿಯುವುದರೊಳಗೆ ಕನ್ನಡದ ದನಿ ಮರಳಿ ಬಂತು. ಅರ್ಧ ಮುಗಿದಿದ್ದ ಪಾಠಗಳೆಲ್ಲ ಅಲ್ಲೇ ಇದ್ದವು. ಆಗ ಭಾನುಪ್ರಿಯಾ ಅತ್ತರು, ಅರ್ಜೂ ಕಣ್ಣಲ್ಲೂ ನೀರು ಬಂತು. ಆದರೆ ಸದ್ದು ಮಾಡುವ ಸ್ಪೀಕರಿಲ್ಲದೆ ಅದೆಲ್ಲ ಅರ್ಧ ಕೆಲಸ. ಕುಣಿಗಲ್ಲಿನಲ್ಲಿ ಎಲ್ಲೂ ಅಂಥದ್ದು ಸಿಗಲಿಲ್ಲ. ತುಮಕೂರಿಗೆ ಮರಳಿ, ಜೆರಾಕ್ಸ್ ಅಂಗಡಿಯ ಅಟ್ಟದಲ್ಲಿದ್ದ ಹಳೆಯ ಬೋರ್ಡೊಂದರಿಂದ ಸ್ಪೀಕರ್ ಬಿಡಿಸಿಕೊಂಡು, ಇವತ್ತು ಮೊದಲ ಬಸ್ಸಿಗೇ ಬಂದಿದ್ದಾರೆ.

ಪರದೆ ಆರಿಸಿ ಕೂತ ಮೇಲೆ ಅವರಿಗೆ ತಮ್ಮ ಹಳೆಯ ಏರ್ಪಾಟಿನ ಹುಳುಕು ತಿಳಿಯುತ್ತ ಹೋಗುತ್ತದೆ. ಸದ್ದು ಕೇಳಿದ ಮೇಲೆ ಹತ್ತು ಸೆಕೆಂಡು ಸಾಕು ಎಂದು ಕೊಟ್ಟಿದ್ದರು. ಕಣ್ಣಿಗೆ ಏನೂ ಕಾಣದೆ ಕೀ ಹುಡುಕುವಾಗ ಹತ್ತು ಸೆಕೆಂಡು ಚಿಟಿಕೆ ಹೊಡೆದಷ್ಟರಲ್ಲಿ ಮುಗಿದುಹೋಗುತ್ತದೆ. ಬಾಣದ ಕೀ ಎಷ್ಟು ಸಲ ಒತ್ತಿದೆನೆಂದು ಸ್ವತಃ ಅವರಿಗೇ ಅನುಮಾನ ಬರುತ್ತದೆ. "ಇಷ್ಟ್ ದಿನ ಈ ಹುಡ್ಗಿ ಹಿಂಗೇ ಕೆಲ್ಸ ಮಾಡ್ತಿದ್ಲಾ ಅನ್ನಿಸ್ತು. ನಾನು ಸದ್ದು ಹಾಕ್ಕೊಟ್ಟು ದೊಡ್ಡ ಉಪಕಾರ ಮಾಡ್ದೆ ಅಂದ್ಕೊಂಡಿದ್ದೆ," ಎನ್ನುತ್ತಾರೆ.

ಹಾಗಾಗಿ ಪರದೆ ಮತ್ತೆ ಹಚ್ಚಿ, ನಿನ್ನೆಯ ಹಾಗೆಯೇ ಟೈಪ್ ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ, ಅರ್ಜೂ ಏರ್ಪಾಟನ್ನೆಲ್ಲ ಬದಲಿಸುತ್ತಾರೆ. ಪಟ್ಟಿ ಇನ್ನು ಮೇಲೆ ತಾನಾಗಿ ಯಾವ ಕಡೆಗೂ ಹೊರಡುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತದೆ. ಬಾಣದ ಎಣಿಕೆ ಹೋಗಿ, ಒಂದೊಂದು ಸಿಸ್ಟಮ್ಮಿಗೆ ಒಂದೊಂದು ಅಕ್ಷರ ಬರುತ್ತದೆ. ಕನ್ನಡ ಓದುವುದಕ್ಕೆ ಕೆ, ಸ್ಕ್ಯಾನಿಗೆ ಎಸ್, ಬ್ರೈಲ್‌ಗೆ ಬಿ. ಯಾವುದು ಒತ್ತಿದರೂ ಒಳಗೆ ಹೋಗುವ ಮೊದಲು ಕಂಪ್ಯೂಟರು ಅದರದೇ ಆದ ಸ್ವರವೊಂದನ್ನು ನುಡಿಯುತ್ತದೆ. ಆಯ್ದದ್ದು ಸರಿಯೋ ತಪ್ಪೋ ಎಂದು ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ಅರ್ಜೂ ಚೀಟಿಯೊಂದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಡಬ್ಬದ ಬೆನ್ನಿಗೆ ಅಂಟಿಸುತ್ತಾರೆ: ಈ ಸದ್ದು ಕಾಯಿಲೆ ಅಲ್ಲ, ದಯವಿಟ್ಟು ತೆಗೆಯಬೇಡಿ.

ಹತ್ತಕ್ಕೆ ಮಹಾದೇವಯ್ಯ ಇನ್ನಿಬ್ಬರು ಟ್ರಸ್ಟಿಗಳ ಜೊತೆ ಬರುತ್ತಾರೆ. ಕುರ್ಚಿಗಳನ್ನು ಗೋಡೆಗೆ ಒತ್ತರಿಸಿ ಹಾಕುತ್ತಾರೆ. ಭಾನುಪ್ರಿಯಾ ಕಂಪ್ಯೂಟರಿನ ಮುಂದೆ ಕೂತು, ಕೈಯಿಟ್ಟು, ಮತ್ತೆ ತೆಗೆಯುತ್ತಾರೆ. "ಸಾರ್, ಎಲ್ರೂ ಒಂಚೂರು ಆಚೆಗೆ ಹೋಗ್ತೀರಾ? ಎಲ್ರೂ ನನ್ ಕೈಯನ್ನೇ ನೋಡ್ತಾ ಇದೀರ. ನಂಗೆ ಕಾಣ್ದಿದ್ರೂ ಗೊತ್ತಾಯ್ತದೆ," ಎನ್ನುತ್ತಾರೆ. ಟ್ರಸ್ಟಿಗಳು ಮುಖಮುಖ ನೋಡಿಕೊಂಡು ಏಳುತ್ತಾರೆ. ಅರ್ಜೂ ಕೂತೇ ಇರುತ್ತಾರೆ. "ನೀನೂವೆ ಅಕ್ಕ."

ಜಗುಲಿಯ ಮೇಲೆ ನಾಲ್ವರೂ ನಿಂತಿದ್ದಾರೆ. ರಸ್ತೆಯಲ್ಲಿ ಆಟೋ ಒಂದು ಹಾರನ್ ಹೊಡೆದರೆ ಮಹಾದೇವಯ್ಯ ಅದರ ಕಡೆ ಕಣ್ಣು ಬಿಡುತ್ತಾರೆ. ಒಳಗಿನಿಂದ ಮೂರು ಸ್ವರ ಕೇಳುತ್ತದೆ. ಆಮೇಲೆ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಅರ್ಜೂ ತಮ್ಮ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಾರೆ. ಒಳಗೆ ಹೋಗಿ ಬೆರಳು ಹಿಡಿದು ತೋರಿಸಿಬಿಡಲೇ ಎನ್ನಿಸುತ್ತದೆ. ಹೋಗುವುದಿಲ್ಲ. ಮತ್ತೊಂದು ಸ್ವರ, ಅದು ಬೇಕಾದ್ದಲ್ಲ, ಸ್ಕ್ಯಾನಿನದು. ಟ್ರಸ್ಟಿಯೊಬ್ಬರು ಗಡಿಯಾರ ನೋಡಿಕೊಳ್ಳುತ್ತಾರೆ. ಒಳಗೆ ಭಾನುಪ್ರಿಯಾ ಗಾಬರಿಯಾಗದೆ ಆ ಸಿಸ್ಟಮ್ ಪೂರ್ತಿ ಏಳುವ ತನಕ ಬಿಟ್ಟು, ಸರಿಯಾಗಿ ಮುಚ್ಚಿ, ಮತ್ತೆ ಹಚ್ಚುತ್ತಾರೆ. ಮೂರು ಸ್ವರ. ಅದರ ಬೆನ್ನಿಗೇ ಇನ್ನೊಂದು. ಸ್ವಲ್ಪ ಹೊತ್ತಿಗೆ, ಕಬ್ಬಿಣದ ಗಂಟಲಿನಂಥ ಆ ದನಿ ಜಗುಲಿಯವರೆಗೆ ಬರುತ್ತದೆ. ಏಳನೆಯ ತರಗತಿಯ ಸಮಾಜ ಪಾಠವನ್ನು, ಹೋದ ವಾರ ಓದು ನಿಂತ ಜಾಗದಿಂದಲೇ ಕನ್ನಡದಲ್ಲಿ ಓದತೊಡಗುತ್ತದೆ.

ಮಹಾದೇವಯ್ಯ ಕ್ಷಣ ಹೊತ್ತು ಕೇಳುತ್ತ ನಿಂತು, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಳ್ಳುತ್ತಾರೆ. "ಮೀಟಿಂಗು ಗೀಟಿಂಗು ಏನೂ ಬೇಡ ಬನ್ರಯ್ಯ. ಟೀ ಕುಡ್ಯಣ," ಎಂದು ಉಳಿದಿಬ್ಬರನ್ನು ಮೆಟ್ಟಿಲು ಇಳಿಸಿಕೊಂಡು ಹೋಗುತ್ತಾರೆ.

ಅದಾಗಿ ಕೆಲವು ತಿಂಗಳಾಗಿವೆ. ಡಬ್ಬದ ಫ್ಯಾನು ಗರಗರ ಎನ್ನುತ್ತಿದೆ ಎಂದು ಕರೆ ಬಂದು, ಅರ್ಜೂ ಮತ್ತೆ ಕುಣಿಗಲ್ಲಿಗೆ ಬಂದಿದ್ದಾರೆ. ಭಾನುಪ್ರಿಯಾ ಜಗುಲಿಯಲ್ಲಿ, ಯಾವುದೋ ಶಾಲೆಯಿಂದ ಬಂದ ಮೇಷ್ಟ್ರಿಗೆ ಬ್ರೈಲ್ ಪುಸ್ತಕದ ಕಟ್ಟು ಒಪ್ಪಿಸುತ್ತಿದ್ದಾರೆ. ಕೋಣೆಯಲ್ಲಿ ಮಾನಿಟರಿಲ್ಲ. ಅದನ್ನು ಮಹಾದೇವಯ್ಯ ಹಿಂದಿನ ಕೋಣೆಯ ತಮ್ಮ ಆಫೀಸಿನ ಮೇಜಿಗೆ ಸಾಗಿಸಿಕೊಂಡಿದ್ದಾರೆ, ಇಲ್ಲಿ ಯಾರಿಗೂ ಬೇಕಾಗಿರಲಿಲ್ಲವಂತೆ. ಅರ್ಜೂ ಫ್ಯಾನು ಬದಲಿಸಿ, ಗುಂಡಿ ಒತ್ತುತ್ತಾರೆ. ಮೂರು ಸ್ವರ ಬರುತ್ತದೆ. ಕೆ ಒತ್ತುತ್ತಾರೆ. ಕಂಪ್ಯೂಟರ್ ಮಿಸುಕುವುದಿಲ್ಲ. ಎಸ್ ಒತ್ತುತ್ತಾರೆ, ಬಿ ಒತ್ತುತ್ತಾರೆ. ಊಹೂಂ. ತಾವೇ ಕೂರಿಸಿದ ಏರ್ಪಾಟು, ತಮ್ಮ ಮಾತನ್ನೇ ಕೇಳುತ್ತಿಲ್ಲ.

"ಭಾನೂ, ಇದ್ಯಾಕೇ ಹಿಂಗಾಡ್ತಿದೆ? ಯಾವ್ ಕೀ ಒತ್ಬೇಕೇ ಇದಕ್ಕೆ?"

ಭಾನುಪ್ರಿಯಾ ಗೋಡೆ ಹಿಡಿದು ಒಳಗೆ ಬರುತ್ತಾರೆ, ಮುಖದ ತುಂಬ ನಗು. "ಅಯ್ಯೋ, ಹೇಳದು ಮರ್ತೇ ಹೋಯ್ತು ಬುಡಕ್ಕ. ನಾನು ಬದ್ಲಾಯಿಸ್ಬುಟ್ಟೆ. ಅವತ್ತು ನೀನು ಏನೇನ್ ಟೈಪ್ ಮಾಡ್ತೀಯ ಅಂತ ಬಾಯ್ಬಿಟ್ಟು ಹೇಳಿದ್ಯಲ್ಲ, ಅದು ನೆಪ್ಪಿತ್ತು. ಉಳಿದಿದ್ದು ಕಂಪ್ಯೂಟರ್ ಕೈಲೇ ಓದಿಸ್ಕೊಂಡು ಕಲ್ತ್ಕೊಂಡೆ." ಎಂದವರು ಅರ್ಜೂ ಅವರ ತೋರುಬೆರಳನ್ನು ಹಿಡಿದು ಕೀಬೋರ್ಡಿನ ಮೇಲೆ ಇಡುತ್ತಾರೆ. ಬೆರಳಿಗೆ ಸಣ್ಣದೊಂದು ಉಬ್ಬು ಸಿಗುತ್ತದೆ. ಎಲ್ಲ ಕೀಬೋರ್ಡಿನಲ್ಲೂ ಎಫ್ ಮೇಲೆ ಒಂದು, ಜೆ ಮೇಲೆ ಒಂದು, ಬಲತುದಿಯ ಅಂಕಿಗಳ ನಡುವೆ ಐದರ ಮೇಲೆ ಒಂದು. ಒಟ್ಟು ಮೂರೇ ಉಬ್ಬು, ಇಲ್ಲಿರುವುದೂ ಮೂರೇ ಸಿಸ್ಟಮ್ಮು. "ಕೆ ಎಲ್ಲೈತೆ ಅಂತ ಯಾಕೆ ತಡಕಾಡ್ಬೇಕು? ಇವು ತಾವಾಗೇ ಕೈಗೆ ಸಿಗ್ತವೆ." ಇಷ್ಟು ವರ್ಷದಿಂದ ಕೀಬೋರ್ಡುಗಳನ್ನು ಬಿಚ್ಚಿ, ಒರೆಸಿ, ಜೋಡಿಸಿದ ಅರ್ಜೂಗೆ ಆ ಉಬ್ಬುಗಳು ಇಂಥದಕ್ಕೂ ಆಗುತ್ತವೆ ಎಂದು ಹೊಳೆದಿರಲಿಲ್ಲ. ಅವರು ಅದನ್ನು ಬೆರಳಿನಲ್ಲಿ ಇನ್ನೊಮ್ಮೆ ಸವರಿ ನೋಡುತ್ತಾರೆ.

ಸದ್ದು ಕೇಳಿ ಆಫೀಸಿನಿಂದ ಇಣುಕಿದ ಮಹಾದೇವಯ್ಯನವರಿಗೆ ಕೀಟಲೆ ಮಾಡುವ ಮನಸ್ಸಾಗುತ್ತದೆ. "ಏನಮ್ಮ ಅರ್ಜೂ, ರಿಪೇರಿಯವ್ರೇ ಹಿಂಗೆ ಕೇಳೋ ಹಂಗಾದ್ರೆ ಹೆಂಗೆ?"

ಅರ್ಜೂ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳುತ್ತಾರೆ: "ನಾನು ಮಾಡ್ಕೊಟ್ಟಿದ್ದು, ನಂದೇ ಅಂತ ಅಂದ್ಕೊಂಡಿದ್ದೆ ಸಾರ್. ಇದು ಅವಳ ಮಿಷನ್ನು. ಇನ್ಮೇಲೆ ಅವಳನ್ನ ಕೇಳೇ ಮುಟ್ತೀನಿ."